ತಮ್ಮನ ಗಾಡಿಗೆ ನಾನು ಕಡೆದ ಸ್ಪೇಸರ್

ಗಾಲಿಗೆ ಸ್ಪೇಸರ್ ಮಾಡಿಕೊಡಿ ಎಂದು ಬರುವವರನ್ನು ನಾನೀಗ ಮೊದಲು ಕೂಡಿಸುತ್ತೇನೆ, ಚಹಾ ತರಿಸುತ್ತೇನೆ. ಆಮೇಲೆ ನನ್ನ ತಮ್ಮನ ಕೈಗೆ ಏನಾಯಿತು, ಅದರಲ್ಲಿ ನನ್ನ ಪಾಲೆಷ್ಟು ಎಂಬುದನ್ನು ಹೇಳುತ್ತೇನೆ. ಅರ್ಧ ಮಂದಿ ಚಹಾ ಕುಡಿದು ಎದ್ದು ಹೋಗುತ್ತಾರೆ. ಹೋಗಲಿ. ಉಳಿದವರಿಗೆ ಮಾಡಿಕೊಡುತ್ತೇನೆ. ಈ ಮಾತು ನನ್ನ ಬಾಯಿಂದ ಹೊರಬೀಳಲು ಎಂಟು ತಿಂಗಳು ಹಿಡಿಯಿತು.

ನಾನು ಬೆಟಗೇರಿಯಲ್ಲಿ ಲೇಥ್ ನಡೆಸುವವಳು. ಅಪ್ಪನ ಅಂಗಡಿ ಅದು. ಪಂಪಿನ ಶಾಫ್ಟು, ಎಣ್ಣೆ ಮಿಲ್ಲಿನ ರೋಲರು, ಟ್ರ್ಯಾಕ್ಟರಿನ ಬುಷ್ಷು, ಯಾವುದು ಬಂದರೂ ಅಪ್ಪ ಕಡೆದುಕೊಡುತ್ತಿದ್ದ. ಅವನ ಪಕ್ಕದಲ್ಲಿ ನಿಂತು ನಾನು ಕಲಿತೆ. ಅವನು ಹೋದ ಮೇಲೆ ಅಂಗಡಿಗೆ ಬೀಗ ಬೀಳುತ್ತದೆಂದು ಓಣಿಯವರೆಲ್ಲ ತೀರ್ಮಾನಿಸಿಬಿಟ್ಟಿದ್ದರು. ಹೆಣ್ಣುಮಗಳ ಕೈಗೆ ಯಾರು ಕೆಲಸ ಕೊಟ್ಟಾರು? ಮೊದಲೆರಡು ವರ್ಷ ಕೊಟ್ಟವರು ಕೂಡ, ನಾನು ಮಾಡಿದ್ದನ್ನು ಇನ್ನೊಂದು ಅಂಗಡಿಗೆ ಒಯ್ದು ಅಳತೆ ತೋರಿಸಿಕೊಂಡು ಬರುತ್ತಿದ್ದರು. ಅಳತೆ ಸರಿಯಾಗಿಯೇ ಇರುತ್ತಿತ್ತು. ಹಾಗೆ ಒಂದೊಂದೇ ಕೆಲಸದಿಂದ ಹೆಸರು ಕಟ್ಟಿದೆ. ನನ್ನ ಸಿಟ್ಟಿಗೂ ಅಷ್ಟೇ ಹೆಸರಾಯಿತು. "ಅಕ್ಕಾರ ಅಂಗಡ್ಯಾಗ ಬೈಗಳ ಪುಕ್ಕಟ, ಅಳತಿ ಬರೋಬ್ಬರಿ" ಎಂದು ಗದಗಿನ ಗ್ಯಾರೇಜಿನವರು ಚೇಷ್ಟೆ ಮಾಡುತ್ತಾರೆ. ನಾನು ಮದುವೆಯಾಗಲಿಲ್ಲ. ಯಾಕೆಂದು ಕೇಳುವವರಿಗೆ ಉತ್ತರ ಕೊಡುವಷ್ಟು ಪುರಸೊತ್ತು ನನಗೆ ಎಂದೂ ಸಿಕ್ಕಿಲ್ಲ.

ತಮ್ಮ ನನಗಿಂತ ಐದು ವರ್ಷ ಸಣ್ಣವ. ಲೇಥಿನ ಸದ್ದು ಕೇಳಿದರೇ ಅವನಿಗೆ ತಲೆನೋವು. ಬಣ್ಣ ಮತ್ತು ಬ್ರಷ್ಷು ಹಿಡಿದು ಬೋರ್ಡು ಬರೆಯುವುದಕ್ಕೆ ಹೋದ, ಮದುವೆಯಾಗಿ ಮುಂಡರಗಿಯಲ್ಲಿ ನೆಲೆನಿಂತ. ಈಗ ಎಲ್ಲ ಕಡೆ ಫ್ಲೆಕ್ಸ್ ಬಂದಿದ್ದರೂ ಲಕ್ಷ್ಮೇಶ್ವರದ ಬಜಾರಿನಲ್ಲಿ, ಶಿರಹಟ್ಟಿಯಲ್ಲಿ, ಹಳ್ಳಿಗಳ ಗೊಬ್ಬರದಂಗಡಿಗಳಲ್ಲಿ ಇವನ ಕೈ ಬರಹವೇ ಬೇಕು ಎನ್ನುವವರಿದ್ದರು. ಗೆರೆ ಎಳೆದುಕೊಳ್ಳದೆ, ಪಟ್ಟಿ ಇಡದೆ, ಹತ್ತು ಅಡಿಯ ಬೋರ್ಡಿನ ಮೇಲೆ ಅಕ್ಷರ ಇಳಿಸುತ್ತಿದ್ದ. ಮೊದಲ ಅಕ್ಷರದ ಎತ್ತರ ಎಷ್ಟೋ ಕೊನೆಯದರದೂ ಅಷ್ಟೇ. ನಾನು ಒಮ್ಮೆ ಅನುಮಾನ ಬಂದು ಏಣಿ ಹತ್ತಿ ಅಳೆದು ನೋಡಿದ್ದೆ. ಕೂದಲಿನಷ್ಟೂ ವ್ಯತ್ಯಾಸವಿರಲಿಲ್ಲ. ನನಗೆ ಲೇಥ್ ಕೊಡುವ ಅಳತೆಯನ್ನು ಅವನಿಗೆ ಮಣಿಕಟ್ಟು ಕೊಡುತ್ತಿತ್ತು.

ಅವನಿಗಿದ್ದ ಒಂದೇ ಹುಚ್ಚೆಂದರೆ ಆ ಗಾಡಿ. ಲಕ್ಷ್ಮೇಶ್ವರದ ಹತ್ತಿ ವ್ಯಾಪಾರಸ್ಥರೊಬ್ಬರ ಗೋದಾಮಿನಲ್ಲಿ ಅಂಡಿಗೆಗಳ ಹಿಂದೆ ಎಷ್ಟೋ ವರ್ಷದಿಂದ ತುಕ್ಕು ಹಿಡಿದು ನಿಂತಿದ್ದ ಎರಡೇ ಸೀಟಿನ ಸ್ಪೋರ್ಟ್ಸ್ ಕಾರು. ಗೋದಾಮು ಖಾಲಿ ಮಾಡುವಾಗ ಅವರು, ಬೇಕಾದರೆ ಒಯ್ಯು, ಇಲ್ಲವಾದರೆ ಗುಜರಿಗೆ ಹೋಗುತ್ತದೆ ಎಂದರಂತೆ. ಇವನು ಟ್ರ್ಯಾಕ್ಟರಿಗೆ ಕಟ್ಟಿಸಿಕೊಂಡು ಎಳೆದುತಂದ. ನಾಲ್ಕು ವರ್ಷ ಅದರ ಹಿಂದೆ ಬಿದ್ದು ಇಂಜಿನ್ ಎಬ್ಬಿಸಿದ, ತಗಡು ಬಡಿಸಿದ, ತಾನೇ ಕುಂಕುಮದ ಬಣ್ಣ ಹೊಡೆದ. ಅದರ ಮೂಲ ಗಾಲಿಗಳು ಬಿರುಕು ಬಿಟ್ಟಿದ್ದವು. ಬೇರೊಂದು ಗಾಡಿಯ ಗಾಲಿ ತಂದು ಹಾಕಿದ. ಅವು ಹಿಂದಿನ ಅಚ್ಚಿನಲ್ಲಿ ಬಹಳ ಒಳಗೆ ಕೂತವು. ಟೈರಿನ ಒಳಮೈ ಶಾಕ್ ಅಬ್ಸಾರ್ಬರಿಗೆ ಉಜ್ಜುತ್ತಿತ್ತು. ಗಾಲಿಯನ್ನು ಸ್ವಲ್ಪ ಹೊರಗೆ ಸರಿಸಬೇಕು, ಅಂದರೆ ಅಚ್ಚಿನ ತುದಿಯಲ್ಲಿ ಗಾಲಿ ಕೂಡುವ ಹಬ್ಬಿಗೂ ಗಾಲಿಗೂ ನಡುವೆ ಒಂದು ದಪ್ಪ ಬಿಲ್ಲೆ ಕೂಡಿಸಬೇಕು. ಅದಕ್ಕೇ ಸ್ಪೇಸರ್ ಎನ್ನುವುದು.

ದಸರೆಗೆ ವಾರವಿದ್ದಾಗ ಅವನು ಹೆಂಡತಿಯನ್ನು ಕೂಡಿಸಿಕೊಂಡು ಅಂಗಡಿಗೆ ಬಂದ. ಕೈಯಲ್ಲಿ ಪೇಟೆಯಿಂದ ತಂದ ಎರಡು ಬಿಲ್ಲೆ.

"ಯಕ್ಕಾ, ಇವನ್ನ ಹಾಕಿಬಿಡು. ಎಲ್ಲಾ ಗಾಡಿಗೂ ಕೂಡ್ತಾವಂತ."

ತಿರುಗಿಸಿ ನೋಡಿದೆ. ಹಬ್ಬಿನಿಂದ ಚಾಚಿ ನಟ್ಟು ಹಿಡಿಯುವ ಸ್ಟಡ್ಡು ಯಾವ ಗಾಡಿಯದಾದರೂ ಆಗಲಿ ಎಂದು ತೂತುಗಳನ್ನು ಉದ್ದಕ್ಕೆ ಸೀಳಿದ್ದರು. ನಡುವಿನ ತೂತು ಹಬ್ಬಿಗಿಂತ ಬೆರಳಷ್ಟು ದೊಡ್ಡದು. ಎರಕದ ಮಾಲು, ಉಗುರಿನಲ್ಲಿ ಕೆರೆದರೆ ಪುಡಿ ಬರುವಂಥದ್ದು. ಎರಡನ್ನೂ ಎತ್ತಿ ಗುಜರಿ ಡಬ್ಬಿಗೆ ಒಗೆದೆ.

"ಏನ್ಲೇ, ಬಳಿ ಅಂದ್ಕೊಂಡೀಯೇನು, ಯಾರ ಕೈಗರ ಏರಿಸಾಕ? ಗಾಡಿ ಭಾರ ಹಬ್ಬಿನ ಮ್ಯಾಲ ಕುಂಡ್ರಬೇಕು. ನಡುವ ಸಡ್ಲ ಇದ್ರ ಎಲ್ಲಾ ಭಾರ ನಾಕು ಸ್ಟಡ್ಡಿನ ಮ್ಯಾಲ ಬೀಳ್ತೈತಿ. ಒಂದಿನ ಪಟ್ ಅಂತ ಹೋಗ್ತಾವ."

"ಆತು ತಾಯಿ, ನೀನ ಮಾಡು. ಆದ್ರ ಇಪ್ಪತ್ತೈದು ಎಂಎಂ ಮಾಡು. ಗಾಲಿ ಮಡ್ಗಾರ್ಡಿನ ಸಮಕ್ಕ ಬಂದ್ರ ನೋಡಾಕ ಚಂದ."

"ಚಂದ ನಿನ್ನ ಬೋರ್ಡಿನ ಮ್ಯಾಲ ಇಟ್ಕೋ. ಗಾಲಿ ಹೊರಗ ಹೋದಷ್ಟೂ ಬೇರಿಂಗಿಗೆ ಭಾರ. ಉಜ್ಜೂದು ನಿಲ್ಲಾಕ ಎಷ್ಟು ಬೇಕೋ ಅಷ್ಟ ಮಾಡ್ತೀನಿ, ಒಂದು ಕೂದಲ ಹೆಚ್ಚಿಗಿ ಮಾಡೂದಿಲ್ಲ."

ಇಬ್ಬರನ್ನೂ ಗಾಡಿಯಲ್ಲಿ ಕೂಡಿಸಿ, ಗಾಡಿ ತಗ್ಗಿದ ಮೇಲೆ, ಮಡ್ಗಾರ್ಡಿನಿಂದ ತೂಗುಗುಂಡು ಇಳಿಬಿಟ್ಟು ಅಳತೆ ತೆಗೆದೆ. ಒಳಗಡೆ ಟೈರಿಗೂ ಶಾಕ್ ಅಬ್ಸಾರ್ಬರಿಗೂ ನಡುವೆ ಎಷ್ಟು ಜಾಗ ಬೇಕು, ಹೊರಗಡೆ ಗುಂಡಿಗೆ ಬಿದ್ದಾಗ ಟೈರು ಮಡ್ಗಾರ್ಡಿಗೆ ಹತ್ತುತ್ತದೋ ಇಲ್ಲವೋ, ಎಲ್ಲ ನೋಡಿ ಹನ್ನೆರಡು ಮಿಲಿಮೀಟರ್ ಎಂದು ಗೊತ್ತುಮಾಡಿದೆ. ಹನ್ನೆರಡು ದಪ್ಪ ಒಳಗೆ ಹೊಕ್ಕರೆ ಹಳೆಯ ಸ್ಟಡ್ಡು ಸಾಲದು, ನಟ್ಟು ತುದಿಯಲ್ಲಿ ಎರಡೇ ಸುತ್ತು ಹಿಡಿಯುತ್ತದೆ. ಉದ್ದ ಸ್ಟಡ್ಡು ತರಿಸಿದೆ. ನಟ್ಟು ಕೈಯಿಂದಲೇ ಎಂಟು ಸುತ್ತಾದರೂ ಒಳಗೆ ಹೋಗಬೇಕು, ಅದಕ್ಕೆ ಕಡಿಮೆಯಾದರೆ ಆ ಗಾಡಿ ನನ್ನ ಅಂಗಡಿ ಬಿಟ್ಟು ಹೊರಡುವುದಿಲ್ಲ ಎಂದೆ.

ತಮ್ಮನ ಹೆಂಡತಿ ಮಾತಿನಾಕೆಯಲ್ಲ. ಮನೆಯಲ್ಲೇ ಬಟ್ಟೆ ಹೊಲಿಯುತ್ತಾಳೆ. ಅವತ್ತು ಅಳತೆ ಮುಗಿಯುವವರೆಗೂ ಸುಮ್ಮನೆ ಕೂತಿದ್ದವಳು ಇಳಿಯುವಾಗ ಹೇಳಿದಳು, "ನೀವು ಮಾಡಿದ್ರ ಇದ್ರಾಗ ಕುಂಡ್ರತೀನ್ರಿ ಅಕ್ಕಾರ. ಬ್ಯಾರೆದವ್ರು ಮಾಡಿದ್ರ ಕಾಲಿಡೂದಿಲ್ಲ." ನನಗೆ ಹೆಮ್ಮೆಯೆನಿಸಿತು. ಈ ನಟ್ಟುಗಳ ಮೇಲೆ ಇಬ್ಬರ ಜೀವ ನಿಂತಿದೆ ಎಂಬುದೂ ಅಷ್ಟೇ ಸ್ಪಷ್ಟವಾಗಿ ಮನಸ್ಸಿಗೆ ಬಂತು.

ಎರಡು ದಿನ ಹಿಡಿದು ಕಡೆದೆ. ಒಳ್ಳೆಯ ಗಟ್ಟಿ ಅಲ್ಯೂಮಿನಿಯಂ. ನಡುವಿನ ತೂತು ಹಬ್ಬಿನ ಮೇಲೆ ಕೈಯೊತ್ತಿದರೆ ಮಾತ್ರ ಕೂಡಬೇಕು, ಅಲುಗಬಾರದು. ಹೊರಗಡೆ ಗಾಲಿ ಕೂಡಲು ತುಟಿಯಂಥ ಒಂದು ಅಂಚು ಬಿಟ್ಟೆ. ಎರಡೂ ಮುಖ ಸಮಾನಾಂತರ. ನನ್ನ ಕೆಲಸವನ್ನು ನಾನೇ ಹೊಗಳಿಕೊಳ್ಳುವುದಿಲ್ಲ, ಆದರೆ ಆ ಎರಡು ಬಿಲ್ಲೆಗಳಷ್ಟು ಚೊಕ್ಕ ಕೆಲಸ ನನ್ನ ಕೈಯಿಂದ ಅಪರೂಪಕ್ಕೆ ಬಂದಿದೆ.

ಇಲ್ಲಿ ನಮ್ಮ ಮನೆತನದ ಒಂದು ರೂಢಿ ಹೇಳಬೇಕು. ಅಪ್ಪ ಯಾವ ಕೆಲಸ ಮುಗಿಸಿದರೂ ಅದನ್ನು ಗಿರಾಕಿಗೆ ಕೊಡುವ ಮೊದಲು ವಿಭೂತಿ ಗಟ್ಟಿಯನ್ನು ಅಂಗೈಯಲ್ಲಿ ನೀರು ಹಾಕಿ ತೇಯ್ದು, ಮೂರು ಬೆರಳಿನಿಂದ ಅದರ ಮೇಲೆ ಎಳೆಯುತ್ತಿದ್ದ. ಶಾಫ್ಟಿಗೂ, ರೋಲರಿಗೂ, ಬುಷ್ಷಿಗೂ. ತಮ್ಮ ಸಣ್ಣವನಿದ್ದಾಗ, ಅಪ್ಪನ ನಟ್ಟು ಬೋಲ್ಟೆಲ್ಲ ಸ್ವಾಮಿಗಳಾಗಿ ಹೋಗುತ್ತವೆ ಎಂದು ನಕ್ಕು ಬೈಸಿಕೊಂಡಿದ್ದ. ಅಪ್ಪನ ನಂತರ ನನ್ನ ಕೈಯೂ ಅದನ್ನೇ ಮಾಡುತ್ತ ಬಂತು. ಮೂವತ್ತು ವರ್ಷ. ಅದಕ್ಕೆ ಯೋಚನೆ ಬೇಕಿರಲಿಲ್ಲ, ಕೈ ತಾನಾಗಿ ಹೋಗುತ್ತಿತ್ತು. ಸ್ಪೇಸರ್ ಮುಗಿದಾಗಲೂ ಹೋಯಿತು. ತಮ್ಮನ ಜೀವದ ಕೆಲಸ ಎಂದು ಅವತ್ತು ತುಸು ದಪ್ಪಗೇ ಎಳೆದೆ. ಅವನು ನೋಡಿ ನಕ್ಕಾನು ಎಂದು ಹೊರಮುಖಕ್ಕೆ ಎಳೆಯದೆ, ಹಬ್ಬಿಗೆ ಅಂಟುವ ಹಿಂದಿನ ಮುಖಕ್ಕೆ ಎಳೆದೆ.

ಮಹಾನವಮಿಗೆ ಎರಡು ದಿನ ಮೊದಲು ಬೆಳಿಗ್ಗೆ ಕೂಡಿಸಿದೆವು. ಹಬ್ಬಿನ ಮುಖದ ತುಕ್ಕನ್ನು ತಂತಿ ಬ್ರಷ್ಷಿನಿಂದ ತಿಕ್ಕಿ ತಿಕ್ಕಿ ಹೊಳಪು ಬರಿಸಿದೆ, ಪೆಟ್ರೋಲಿನಿಂದ ಒರೆಸಿದೆ. ತಮ್ಮ ಬೆರಳಿಡಲು ಬಂದರೆ ಕೈಮೇಲೆ ಹೊಡೆದೆ.

"ಮುಟ್ಟಬ್ಯಾಡ ಅಂದ್ರ ಮುಟ್ಟಬ್ಯಾಡ. ನಡುವ ಒಂಚೂರು ಬಣ್ಣ, ಒಂಚೂರು ಜಿಡ್ಡು, ಧೂಳು ಏನೂ ಇರಬಾರದು. ಲೋಹಕ್ಕ ಲೋಹ ಕೂಡಬೇಕು. ನಡುವ ಏನರ ಸಿಕ್ತಂದ್ರ ಓಡಿದಂಗ ಅದು ಪುಡಿಯಾಗಿ ಉದುರ್ತೈತಿ, ನಟ್ಟು ಸಡ್ಲಾಗ್ತೈತಿ."

ಇದನ್ನು ಹೇಳುತ್ತಲೇ ನಾನು ಮೂರು ಗೆರೆಯ ಆ ಬಿಲ್ಲೆಯನ್ನು ಹಬ್ಬಿಗೆ ಒತ್ತಿ ಕೂಡಿಸಿದೆ. ಕಣ್ಣಿಗೆ ಬೀಳಲಿಲ್ಲವೇ ಎಂದು ಕೇಳಿದರೆ, ಬಿತ್ತು. ಮುಚ್ಚಿಡುವುದೇನು? ಗೆರೆ ಕಂಡವು. ಆದರೆ ವಿಭೂತಿ ನನಗೆ ಕೊಳೆಯಾಗಿ ಕಂಡದ್ದು ಜನ್ಮದಲ್ಲೇ ಇಲ್ಲ. ನಾಲ್ಕೂ ನಟ್ಟುಗಳನ್ನು ಎದುರುಬದುರಾಗಿ ಹಿಡಿಸಿ, ಗಾಡಿ ನೆಲಕ್ಕಿಳಿಸಿ, ಬಿಗಿತ ಅಳೆದು ತೋರಿಸುವ ಟಾರ್ಕ್ ಪಾನಾದಿಂದ ಅಳತೆಗೆ ಬಿಗಿದೆ.

"ನೂರು ಕಿಲೋಮೀಟರ್ ಆದ ಕೂಡ್ಲೆ ಬಾ. ಮತ್ತೊಮ್ಮೆ ಬಿಗೀಬೇಕು. ಮರತಿ ಅಂದ್ರ ಚರ್ಮ ಸುಲೀತೀನಿ" ಎಂದೆ.

ಅವನು ಮರೆಯಲಿಲ್ಲ. ಆ ಎರಡು ದಿನದಲ್ಲಿ ಶಿರಹಟ್ಟಿಗೆ, ಲಕ್ಷ್ಮೇಶ್ವರಕ್ಕೆ ಕೆಲಸದ ಮೇಲೆ ಓಡಾಡಿ ನೂರು ಕಿಲೋಮೀಟರ್ ತುಂಬುತ್ತಲೇ, ನವಮಿಯ ಮಧ್ಯಾಹ್ನ ನೇರ ನನ್ನ ಅಂಗಡಿಗೆ ಬಂದ. ಅದು ಖಂಡೆ ಪೂಜೆಯ ದಿನ. ಲೇಥ್ ತೊಳೆದು, ಕಬ್ಬು ಬಾಳೆಕಂದು ಕಟ್ಟಿ, ವರ್ನಿಯರ್‌ನಿಂದ ಹಿಡಿದು ಸುತ್ತಿಗೆಯವರೆಗೆ ಎಲ್ಲ ಸಾಮಾನು ಜಮಖಾನೆಯ ಮೇಲೆ ಸಾಲಾಗಿಟ್ಟು ಹೂವೇರಿಸಿ ಮಂಗಳಾರತಿ ಮಾಡಿದ್ದೆ. ಕೆಲಸಗಾರ ಹಬ್ಬಕ್ಕೆಂದು ಊರಿಗೆ ಹೋಗಿದ್ದ. ಅಂಗಡಿಯಲ್ಲಿ ನಾನೊಬ್ಬಳೇ.

"ನೂರಾತು ಯಕ್ಕಾ. ಬಿಗಿ ಮಾಡಿ ಕೊಡು, ಹೊಂಡ್ತೀನಿ."

"ಇವತ್ತ ಹೆಂಗೋ? ಸಾಮಾನ ಪೂಜಿಗೆ ಕುಂತಾವ. ನಾಳಿ ಬನ್ನಿ ಮುಡಿಯೂತನಾ ಎತ್ತಂಗಿಲ್ಲ."

"ಆ ಒಂದು ಪಾನಾ ಅಷ್ಟ ಎತ್ತಿಕೊಡು. ದೇವರಿಗೇನು ಗೊತ್ತಾಗ್ತೈತಿ?"

"ಬಾಯಿ ಮುಚ್ಚು. ಅಪ್ಪ ಇದ್ದಾಗ ಒಮ್ಮೆರ ಎತ್ತಿದ್ದ ನೋಡೀಯೇನು?"

"ಹಂಗಾರ ನನ್ನ ಗಾಡ್ಯಾಗಿನ ಪಾನಾದಿಂದ ನಾನ ಒತ್ತಿ ನೋಡ್ಲೇನು?"

ಅದನ್ನೂ ನಾನು ಬಿಡಲಿಲ್ಲ. ಡಿಕ್ಕಿ ತೆಗೆಸಿ, ಅವನ ಪ್ಲಸ್ ಆಕಾರದ ಪಾನಾ, ಜಾಕು ಎರಡನ್ನೂ ಇಸಿದುಕೊಂಡು ಕುಂಕುಮ ಹಚ್ಚಿ ಸಾಲಿನ ಕೊನೆಗೆ ಇಟ್ಟೆ. ಗಾಡಿಗೂ ಪೂಜೆ ಮಾಡಿದೆ. ಚೆಂಡುಹೂವಿನ ಮಾಲೆ ಹಾಕಿ, ಕಾಯಿ ಒಡೆದು, ನಾಲ್ಕೂ ಗಾಲಿಯ ಕೆಳಗೆ ಲಿಂಬೆಹಣ್ಣಿಟ್ಟೆ. ಅವನು ನಗುತ್ತಲೇ ಇದ್ದ. "ಆತು ಬಿಡು. ನಾಳಿ ಬನ್ನಿ ಕೊಡಾಕ ಬರ್ತೀನಲ್ಲ, ಅವಾಗ ಬಿಗದರಾತು" ಎಂದ. ಹಿರೇವಡ್ಡಟ್ಟಿಯ ಗೊಬ್ಬರದಂಗಡಿಯವರಿಗೆ ಹಬ್ಬದ ದಿನವೇ ಬೋರ್ಡು ಕೊಡುವುದಿತ್ತು, ಅದನ್ನು ಕೊಟ್ಟು ಮುಂಡರಗಿಗೆ ಹೋಗುತ್ತೇನೆ ಎಂದ. ಸಾವಕಾಶ ಹೋಗು ಎಂದೆ. ಲಿಂಬೆಹಣ್ಣುಗಳ ಮೇಲೆ ಹಾಯ್ದು ಗಾಡಿ ಹೊರಟಿತು. ನಾನು ನೆಮ್ಮದಿಯಿಂದ ಹೋಳಿಗೆ ಊಟ ಮಾಡಿದೆ.

ಅವನು ಹೊರಟು ತಾಸಾಗಿರಬೇಕು, ಫೋನು ಬಂತು. ಯಾರದೋ ಗುರುತಿಲ್ಲದ ಗಂಡಸಿನ ದನಿ. "ನಿಮ್ಮ ತಮ್ಮಾರು ಮಾಡು ಅಂದ್ರು, ಅದಕ್ಕ ಮಾಡೇನ್ರಿ. ಜೀವಕ್ಕೇನೂ ಆಗಿಲ್ಲ. ಗಾಲಿ ಕಳಚೈತಿ. ಹಿರೇವಡ್ಡಟ್ಟಿ ಈಚೆ ತಿರುವಿನ್ಯಾಗ ಅದಾರ, ಜಲ್ದಿ ಬರ್ರಿ." ಓಣಿಯವರ ಟೆಂಪೊ ಮಾಡಿಕೊಂಡು ಹೊರಟೆ. ದಾರಿಯ ಮೇಲಿನ ಹರ್ತಿ ಊರು ಯಾವಾಗ ದಾಟಿದೆವೋ ನೆನಪಿಲ್ಲ. ಜೀವಕ್ಕೇನೂ ಆಗಿಲ್ಲ ಎಂದು ದಾರಿಯುದ್ದಕ್ಕೂ ನನಗೆ ನಾನೇ ಹೇಳಿಕೊಂಡೆ.

ಗಾಡಿ ರಸ್ತೆ ಬದಿಯ ತಗ್ಗಿಗೆ ಮೂತಿ ಹಚ್ಚಿತ್ತು. ಬಲಗಡೆ ಹಿಂದಿನ ಗಾಲಿ ಮೆಣಸಿನಕಾಯಿ ಹೊಲದಲ್ಲಿ ಬಿದ್ದಿದ್ದನ್ನು ಹೊಲದವರು ಉರುಳಿಸಿಕೊಂಡು ಬಂದು ಇಟ್ಟಿದ್ದರು. ಹತ್ತಿಪ್ಪತ್ತು ಮಂದಿ ನೆರೆದಿದ್ದರು. ತಮ್ಮ ದಂಡೆಯ ಮೇಲೆ ಕೂತಿದ್ದ. ಸ್ಟಿಯರಿಂಗಿಗೂ ಬಾಗಿಲಿಗೂ ನಡುವೆ ಸಿಕ್ಕು ಬಲಗೈ ಮಣಿಕಟ್ಟಿನಲ್ಲಿ ಜಜ್ಜಿಹೋಗಿತ್ತು, ಯಾರೋ ಅದಕ್ಕೆ ಟವೆಲ್ಲು ಸುತ್ತಿದ್ದರು. ದವಾಖಾನೆಗೆ ಕರೆದರೆ, ಅಕ್ಕ ಬರುವವರೆಗೆ ಏಳುವುದಿಲ್ಲ ಎಂದು ಹಟ ಹಿಡಿದಿದ್ದನಂತೆ. ಅವನ ತೊಡೆಯ ಮೇಲೆ ನಾನು ಕಡೆದ ಬಿಲ್ಲೆ ಇತ್ತು. ಎಡಗೈಯಲ್ಲಿ ಅಂಗಿಯ ತುದಿ ಹಿಡಿದು ಅದನ್ನು ಒರೆಸುತ್ತಿದ್ದ.

ಹತ್ತಿರ ಹೋಗಿ ನೋಡಿದೆ. ಎರಡು ಗೆರೆ ಒರೆಸಿಯಾಗಿತ್ತು. ಒಂದು ಉಳಿದಿತ್ತು. ಪುಡಿಪುಡಿಯಾಗಿ, ಅಲ್ಲಲ್ಲಿ ಉದುರಿ, ಆದರೂ ನನ್ನ ಬೆರಳಿನ ಅಗಲಕ್ಕೇ ಇತ್ತು. ಅವನು ತಲೆಯೆತ್ತಿ ನನ್ನನ್ನು ನೋಡಿದ, ಮತ್ತೆ ಬಗ್ಗಿ ಅದನ್ನೂ ಒರೆಸಿದ.

ಗುಂಪಿನಲ್ಲಿ ಒಬ್ಬರು ಕೇಳಿದರು, "ಯಾರ ಮಾಡ್ಯಾರ್ರೀ ಇದನ್ನ? ಗಾಲಿ ಹಿಂಗ ಕಳಚೂದಂದ್ರೇನು?"

ತಮ್ಮ ದೊಡ್ಡ ದನಿಯಲ್ಲಿ ಹೇಳಿದ, "ಮಾಡಿದಾಕಿದು ತಪ್ಪಿಲ್ರಿ. ನೂರು ಕಿಲೋಮೀಟರಿಗೆ ಬಿಗಿ ಮಾಡಿಸಾಕ ಬಾ ಅಂತ ಹೇಳಿದ್ಲು ನಮ್ಮಕ್ಕ. ನಾನ ಹೋಗಲಿಲ್ಲ. ನಂದ ತಪ್ಪು."

ಎಲ್ಲರೂ ನನ್ನ ಕಡೆ ನೋಡಿದರು. ಬರಬೇಕಾದವನು ಬಂದಿದ್ದ, ಪಾನಾ ಕೊಡದವಳು ನಾನು, ಅವನ ಪಾನಾವನ್ನೂ ಕಸಿದುಕೊಂಡವಳು ನಾನು, ಎಲ್ಲಕ್ಕೂ ಮೊದಲು ಆ ಬಿಲ್ಲೆಗೆ ಬೂದಿ ಬಳಿದವಳು ನಾನು. ಇಷ್ಟು ಮಾತು ಗಂಟಲವರೆಗೂ ಬಂತು. ಹೇಳಿದರೆ ನಾಳೆಯಿಂದ ಅಂಗಡಿಗೆ ಯಾರು ಬಂದಾರು ಎಂಬುದೂ ಅದರ ಬೆನ್ನಿಗೇ ಬಂತು. ಅಲ್ಲಿಗೆ ಬಾಯಿ ಮುಚ್ಚಿತು. ಅವನನ್ನು ಟೆಂಪೊದಲ್ಲಿ ಮಲಗಿಸಿಕೊಂಡು ಗದಗಿಗೆ ಬಂದು ದವಾಖಾನೆಗೆ ಸೇರಿಸಿದೆ. ದಾರಿಯಲ್ಲಿ ಒಂದೇ ಸಲ ಮಾತಾಡಿದ. "ನಿನ್ನ ಹೆಸರು ಕೆಡಬಾರದು ಯಕ್ಕಾ. ಎಷ್ಟು ತ್ರಾಸು ತಗೊಂಡು ಕಟ್ಟೀದಿ. ಯಾರ ಮುಂದನೂ ಹೇಳಬ್ಯಾಡ."

ಮರುದಿನ ಎಲ್ಲ ಕಡೆ ಮಂದಿ ಬನ್ನಿ ಕೊಟ್ಟು, ಬಂಗಾರದಂತೆ ಇರೋಣ ಎಂದು ಕೈಮುಗಿಯುತ್ತಿದ್ದಾಗ, ನಾನು ಶಟರ್ ಇಳಿಸಿಕೊಂಡು, ಅಂಗಡಿಗೆ ಎಳೆಸಿ ತಂದಿದ್ದ ಗಾಡಿಯ ಹಿಂದಿನ ಎಡಗಾಲಿ ಬಿಚ್ಚಿದೆ. ಮೂರು ನಟ್ಟು ಬರಿಯ ಬೆರಳಿನಿಂದಲೇ ತಿರುಗಿದವು. ಒಳಗೆ ನನ್ನ ವಿಭೂತಿ ಹಿಟ್ಟಾಗಿ ಕೂತಿತ್ತು. ಕೂದಲಿನ ದಪ್ಪವೂ ಇಲ್ಲದ ಪದರ. ಅದನ್ನು ನಡುವೆ ಇಟ್ಟುಕೊಂಡೇ ಬಿಗಿದಿದ್ದೆ, ಅದು ಪುಡಿಯಾಗಿ ಉದುರಿದಂತೆಲ್ಲ ಹಿಡಿತ ಹೋಯಿತು. ನವಮಿಯ ದಿನ ಪಾನಾ ಹಚ್ಚಿದ್ದರೆ ನಟ್ಟು ಸಡಿಲಾದದ್ದು ಮೊದಲ ಒತ್ತಿಗೇ ಕೈಗೆ ಗೊತ್ತಾಗುತ್ತಿತ್ತು. ಇನ್ನು ಅನುಮಾನಕ್ಕೆ ಜಾಗವಿರಲಿಲ್ಲ.

ತಮ್ಮನ ಮಣಿಕಟ್ಟಿಗೆ ಎರಡು ಸಲ ಶಸ್ತ್ರಚಿಕಿತ್ಸೆಯಾಯಿತು. ಎಲುಬು ಕೂಡಿತು, ಆದರೆ ಕೈ ತಿರುಗಲಿಲ್ಲ. ಅಕ್ಷರದ ಬಳ್ಳಿ ತಿರುವಬೇಕಾದಲ್ಲಿ ಬ್ರಷ್ಷು ನಿಂತುಬಿಡುತ್ತಿತ್ತು. ಎಡಗೈಯಲ್ಲಿ ಬರೆಯಲು ಕೂತ. ಹಳೆಯ ತಗಡಿನ ಮೇಲೆ ಅ ಆ ಇ ಈ ಎಂದು ಕೂಸಿನ ಹಾಗೆ ಬರೆದು ಒರೆಸುತ್ತಿದ್ದ. ಗಿರಾಕಿಗಳು ಒಬ್ಬೊಬ್ಬರಾಗಿ ಫ್ಲೆಕ್ಸಿನವರ ಕಡೆ ಹೋದರು.

ನಾನು ಹದಿನೈದು ದಿನಕ್ಕೊಮ್ಮೆ ಮುಂಡರಗಿಗೆ ಹೋಗುತ್ತಿದ್ದೆ. ಹೋದಾಗಲೆಲ್ಲ ಅವನ ಹೆಂಡತಿ ನನ್ನೆದುರಿಗೇ ಅವನನ್ನು ಬೈಯುತ್ತಿದ್ದಳು. ಎಂದೂ ದನಿ ಎತ್ತದವಳು. "ಅಕ್ಕಾರು ಅಷ್ಟು ಬಡಕೊಂಡಿದ್ರು, ಬಿಗಿ ಮಾಡಿಸಾಕ ಬಾ ಅಂತ. ಹೋದ್ರೇನು ಇವ್ರು? ಅಕ್ಕನ ಮಾತು ಕೇಳಿದ್ರ ಇವತ್ತ ಕೈ ಇರ್ತಿತ್ತು. ಖರೆ ಹೌದಲ್ರಿ ಅಕ್ಕಾರ?" ಎಂದು ನನ್ನ ಮುಖ ನೋಡುತ್ತಿದ್ದಳು. ತಮ್ಮ ತಲೆ ತಗ್ಗಿಸಿ ತಗಡು ಒರೆಸುತ್ತಿದ್ದ. ನಾನು ಚಹಾದ ಬಸಿಯಲ್ಲಿ ಮುಖ ಹುದುಗಿಸುತ್ತಿದ್ದೆ. ಕೈ ಹೋದದ್ದು ಸಾಲದೆಂದು ಅವಳ ಬಾಯಲ್ಲೂ ಬೀಳಬೇಕಾಯಿತಲ್ಲ ಅವನು, ನನ್ನಿಂದ. ಮುಂದಿನ ಸಲ ಹೇಳೋಣ ಎಂದುಕೊಂಡು ಬಸ್ಸು ಹತ್ತುತ್ತಿದ್ದೆ. ಹೀಗೆ ಎಂಟು ತಿಂಗಳು.

ಮಳೆ ಹಿಡಿಯುವ ಹೊತ್ತಿಗೆ ಮಲ್ಲಸಮುದ್ರದ ಒಬ್ಬರು ಜೀಪಿಗೆ ಸ್ಪೇಸರ್ ಮಾಡಿಸಲು ಬಂದರು. ನಾನು ನೂರು ಕಿಲೋಮೀಟರಿನ ಮಾತು ಹೇಳಿದೆ. ಅವರು ನಕ್ಕು, "ಬರ್ತೀನ್ರಿ ಅಕ್ಕಾರ, ನಿಮ್ಮ ತಮ್ಮನಂಗ ಮಾಡಾಂವ ಅಲ್ಲ ನಾನು. ಅಂಥಾ ಬೇಫಿಕೀರ್ ಮನಷಾ ಅಲ್ಲ" ಎಂದರು. ಪಾಪ, ಅವರೇನು ಮಾಡಿಯಾರು, ಊರೇ ಆಡುತ್ತಿದ್ದ ಮಾತು. ನನಗೆ ಎಲ್ಲಿತ್ತೋ ಸಿಟ್ಟು, "ನಿಮ್ಮ ಕೆಲಸ ನನ್ನ ಕೈಲಿ ಆಗೂದಿಲ್ಲ, ನಡೀರಿ ಹೊರಗ" ಎಂದು ಕೂಗಿದೆ. ಅವರು ಬೆಪ್ಪಾಗಿ ಎದ್ದುಹೋದರು. ನಾನು ಲೇಥ್ ಬಂದ್ ಮಾಡಿ, ಎಣ್ಣೆಗೈ ಒರೆಸಿಕೊಂಡು, ಹಾಗೆಯೇ ಬಸ್ ಸ್ಟ್ಯಾಂಡಿಗೆ ನಡೆದೆ.

ಮುಂಡರಗಿ ಮುಟ್ಟಿದಾಗ ತಮ್ಮ ಮನೆಯಲ್ಲಿರಲಿಲ್ಲ, ಬಜಾರಿಗೆ ಹೋಗಿದ್ದ. ಅವನ ಹೆಂಡತಿ ಹೊಲಿಗೆ ಮಷೀನಿನ ಮುಂದೆ ಕೂತಿದ್ದಳು. ಕುಂಡ್ರಿ ಎಂದಳು. ನಾನು ಕೂಡಲಿಲ್ಲ. ಕೂತರೆ ಹೇಳುವುದಾಗುವುದಿಲ್ಲ ಎಂದು ಗೊತ್ತಿತ್ತು.

"ಅವ ಬಂದಿದ್ದ. ನವಮಿ ದಿನ ಬಿಗಿ ಮಾಡಿಸಾಕ ಬಂದಿದ್ದ. ಪೂಜಿ ಐತಿ ಅಂತ ನಾ ಪಾನಾ ಎತ್ತಲಿಲ್ಲ. ಅವನ ಪಾನಾನೂ ಕಸಗೊಂಡೆ. ಆ ಬಿಲ್ಲಿ ಹಿಂದ ವಿಭೂತಿ ಹಚ್ಚಿದಾಕಿ ನಾನ. ಅದಕ್ಕ ನಟ್ಟು ಸಡ್ಲಾದ್ವು. ನಿನ್ನ ಗಂಡನ ಕೈ ಹೋಗಿದ್ದು ನನ್ನಿಂದ. ಅವಂದೇನೂ ತಪ್ಪಿಲ್ಲ."

ಅವಳು ಮಷೀನು ನಿಲ್ಲಿಸಿದಳು. ಅಳುತ್ತಾಳೆ, ಇಲ್ಲವೇ ಕೈಗೆ ಸಿಕ್ಕಿದ್ದನ್ನು ಎತ್ತಿ ಒಗೆಯುತ್ತಾಳೆ ಎಂದುಕೊಂಡೆ. ಎರಡೂ ಮಾಡಲಿಲ್ಲ.

"ಗೊತ್ತೈತ್ರಿ" ಎಂದಳು.

"ಯಾವಾಗಿಂದ?"

"ಅವತ್ತ ದವಾಖಾನ್ಯಾಗ ಹೇಳ್ಯಾರ್ರಿ ಅವ್ರು. ಯಾರ ಮುಂದೂ ಬಾಯಿ ಬಿಡಬ್ಯಾಡ ಅಂತ ಆಣಿ ಹಾಕಿಸ್ಕೊಂಡ್ರು. ಬಿಟ್ಟಿಲ್ಲ."

"ಗೊತ್ತಿದ್ದೂ ಅವಂಗ ಹಂಗ ಬೈತಿದ್ದಿಯಲ್ಲವ್ವಾ, ನಾ ಬಂದಾಗೊಮ್ಮೆ?"

"ನೀವು ಬಂದಾಗಷ್ಟ ಬೈತಿದ್ದೆ, ಅಕ್ಕಾರ. ನೀವಿಲ್ಲದಾಗ ಒಂದು ದಿನನೂ ಬೈದಿಲ್ಲ. ಇವತ್ತರ ತಡಿಯಾಕ ಆಗೂದಿಲ್ಲ ಇವ್ರಿಗೆ, ಇವತ್ತರ ಹೇಳ್ತಾರ ಅಂತ ನೋಡ್ತಿದ್ದೆ. ನೀವು ಚಾ ಕುಡದು ಹೊಂಟು ಹೋಗ್ತಿದ್ರಿ."

ಬಾಗಿಲ ಕಂಬ ಹಿಡಿದುಕೊಂಡೆ. ಅಷ್ಟರಲ್ಲಿ ತಮ್ಮ ಬಜಾರಿನಿಂದ ಬಂದ. ಕಾಯಿಪಲ್ಲೆಯ ಚೀಲ ಎಡಗೈಯಲ್ಲಿತ್ತು. ನನ್ನನ್ನು ನೋಡಿದ, ಹೆಂಡತಿಯನ್ನು ನೋಡಿದ. ಏನೋ ಆಗಿದೆ ಎಂದು ತಿಳಿದು, ರೂಢಿಯಾದ ಮಾತನ್ನೇ ಶುರುಮಾಡಿದ, "ಮತ್ತ ಅದನ್ನ ತಗದೀಯೇನು? ನಂದ ತಪ್ಪು, ನಾನ ಹೋಗಲಿಲ್ಲ ಬಿಗಿ ಮಾಡಿಸಾಕ..."

"ಸಾಕು ಬಿಡ್ರಿ" ಎಂದಳು ಅವನ ಹೆಂಡತಿ. "ಅಕ್ಕಾರು ಹೇಳ್ಯಾರ."

ಅವನು ಚೀಲವನ್ನು ನೆಲಕ್ಕಿಟ್ಟ. ಹೊಸ್ತಿಲ ಮೇಲೆ ಹಾಗೇ ಕುಸಿದು ಕೂತ. ಎಡಗೈಯಿಂದ ಮುಖ ಮುಚ್ಚಿಕೊಂಡು, ದನಿ ತೆಗೆದು ಅತ್ತ. ಅಪ್ಪ ಸತ್ತ ದಿನವೂ ಅವನು ಹಾಗೆ ಅತ್ತಿರಲಿಲ್ಲ.